ಅರೆಸಿದ್ಧ ಸರಕಿನ ಗಣಿತ

ಗೋವೆಯ ಫೋಂಡಾ ತಾಲ್ಲೂಕಿನ ಉಸಗಾಂವದಲ್ಲಿ ಎಂ.ಆರ್.ಎಫ್. ಸಂಸ್ಥೆಯ ಟೈರ್ ಕಾರ್ಖಾನೆಯಿದೆ. ಟೈರ್ ತಯಾರಿಕೆ ಎಲ್ಲಿ ನಡೆದರೂ ಹಲವು ಹಂತಗಳ ಕೆಲಸವೇ: ರಬ್ಬರಿಗೆ ಗಂಧಕ ಮೊದಲಾದವನ್ನು ಬೆರೆಸುವುದು, ನೂಲಿನ ಹಾಸಿಗೆ ಆ ಮಿಶ್ರಣವನ್ನು ಲೇಪಿಸುವುದು, ಬಿಡಿಭಾಗಗಳನ್ನು ಕೂಡಿಸಿ ಹಸಿ ಟೈರನ್ನು ಕಟ್ಟುವುದು, ಕೊನೆಗೆ ಬಿಸಿ ಅಚ್ಚಿನಲ್ಲಿ ಬೇಯಿಸುವುದು. ಯಂತ್ರದ ಮೇಲಿರುವುದನ್ನೂ ಹಂತಗಳ ನಡುವೆ ಕಾಯುತ್ತಿರುವುದನ್ನೂ ಕೂಡಿಸಿ ‘ಅರೆಸಿದ್ಧ ಸರಕು’ ಎಂದು ಕರೆಯೋಣ.

ಈ ಸರಕು ಕಬ್ಬಿಣದ ಸರಳಿನಂತೆ ಸುಮ್ಮನೆ ಬಿದ್ದಿರುವುದಲ್ಲ. ಬೆರೆತ ರಬ್ಬರ್ ಬಹುಕಾಲ ಕಾದರೆ ಗಂಧಕವು ಮೇಲ್ಮೈಗೆ ಹೊಮ್ಮಿ ಅಂಟುಗುಣ ತಗ್ಗಬಹುದು. ಬಿಸಿ ಹೆಚ್ಚಿದ್ದಲ್ಲಿ ಅಚ್ಚನ್ನು ಸೇರುವ ಮೊದಲೇ ಅದು ಬೇಯತೊಡಗಬಹುದು. ಸರಿಯಾಗಿ ಅಂಟದ ಪದರವೊಂದು ಟೈರಿನೊಳಗೆ ಉಳಿದುಹೋದರೆ ಅದರ ಫಲವನ್ನು ಉಣ್ಣುವವನು ಅನಮೋಡ ಘಟ್ಟವನ್ನು ಇಳಿಯುವ ಲಾರಿಯ ಚಾಲಕ.

ಎಷ್ಟು ಸರಕನ್ನು ಒಳಬಿಡಬೇಕು? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವು ಇಲ್ಲಿ ಮೊದಲ ಮೆಟ್ಟಿಲು: ದೀರ್ಘಕಾಲದ ಸರಾಸರಿಯಲ್ಲಿ ಒಳಗಿರುವ ಸರಕು, ಉತ್ಪಾದನೆಯ ದರ ಮತ್ತು ಒಂದು ವಸ್ತು ಒಳಗೆ ಕಳೆಯುವ ಕಾಲ ಇವುಗಳ ಗುಣಲಬ್ಧಕ್ಕೆ ಸಮ.

ಒಂದು ಕಲ್ಪಿತ ಉದಾಹರಣೆ. ಸಾಲಾಗಿ ನಾಲ್ಕು ಯಂತ್ರಗಳಿವೆ. ಪ್ರತಿಯೊಂದರ ಕೆಲಸಕ್ಕೂ ಸರಾಸರಿ 10 ನಿಮಿಷ. ಆದರೆ ಆ ಅವಧಿಯು ಘಾತೀಯ ಹಂಚಿಕೆಯಂತೆ ಏರಿಳಿಯುತ್ತದೆ. ಒಂದು ವಸ್ತು ಹೊರಬಿದ್ದಾಗಲಷ್ಟೇ ಮತ್ತೊಂದಕ್ಕೆ ಪ್ರವೇಶ. ಒಳಗೆ ಒಟ್ಟು 12 ವಸ್ತುಗಳಿದ್ದರೆ, ಯಾವುದೇ ವಸ್ತುವು ಪ್ರತಿ ಯಂತ್ರದ ಬಳಿ ಉಳಿದ 11ರ ಕಾಲುಭಾಗವನ್ನು ಸರಾಸರಿಯಾಗಿ ತನ್ನ ಮುಂದೆ ಕಾಣುತ್ತದೆ. ನಾಲ್ಕೂ ಕಡೆ ಸೇರಿ ಕಾಯುವಿಕೆ 110 ನಿಮಿಷ, ಕೆಲಸ 40 ನಿಮಿಷ; ಒಟ್ಟು 150. ಲಿಟಲ್ ನಿಯಮದಂತೆ ಉತ್ಪಾದನೆ ಗಂಟೆಗೆ 4.8. ಸರಕನ್ನು 27ಕ್ಕೆ ಏರಿಸಿದರೆ ಉತ್ಪಾದನೆ 5.4 ಆಗುತ್ತದೆ, ಒಳಗೆ ಕಳೆಯುವ ಕಾಲ 300 ನಿಮಿಷವಾಗುತ್ತದೆ. ದರದ ಗಳಿಕೆ ಎಂಟರಲ್ಲೊಂದು ಪಾಲು. ಕಾಲ ಮಾತ್ರ ಇಮ್ಮಡಿ. ಎಷ್ಟೇ ತುಂಬಿದರೂ ಗಂಟೆಗೆ 6ನ್ನು ದಾಟಲಾಗದು.

ಮೇಲ್ವಿಚಾರಕನ ಕಣ್ಣಿಗೆ ಬೀಳುವುದು ಖಾಲಿ ನಿಂತ ಯಂತ್ರ, ಹಳಸುತ್ತಿರುವ ರಬ್ಬರಲ್ಲ. ಆದ್ದರಿಂದಲೇ ಸರಕನ್ನು ಒಳಗೆ ತಳ್ಳುವ ಚಟ ಬಿಡುವುದು ಕಷ್ಟ. ಟೊಯೊಟಾ ಸಂಸ್ಥೆಯ ಕಾನ್‌ಬಾನ್ ಪದ್ಧತಿಯು ಹಂತಹಂತಗಳ ನಡುವೆ ಚೀಟಿಗಳ ಮಿತಿಯನ್ನು ಹಾಕಿ ಇದನ್ನು ತಡೆಯಿತು. ಸ್ಪಿಯರ್‌ಮನ್, ವುಡ್ರಫ್ ಮತ್ತು ಹಾಪ್ 1990ರಲ್ಲಿ ಮಂಡಿಸಿದ ಕಾನ್‌ವಿಪ್ ಪದ್ಧತಿಯಲ್ಲಿ ಇಡೀ ಸಾಲಿಗೆ ಒಂದೇ ಮಿತಿ. ಮೇಲಿನ ಉದಾಹರಣೆ ಅದರದೇ ಸರಳ ರೂಪ.

ನಿಜವಾದ ಕಾರ್ಖಾನೆಯಲ್ಲಿ ಯಂತ್ರಗಳು ಸಮವೇಗದವಲ್ಲ, ಕೆಡುವುದೂ ಉಂಟು. ಅಂಥ ಜಟಿಲ ವ್ಯವಸ್ಥೆಗಳಿಗೆ ಮಾರ್ಕೊವ್ ಸರಪಳಿ, ಸರದಿ ಜಾಲ, ಪೆಟ್ರಿ ಜಾಲಗಳ ಮಾದರಿಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ವಿಶ್ವನಾಥಂ ಮತ್ತು ವೈ. ನರಹರಿಯವರು 1992ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರಿಸಿದ್ದಾರೆ. ಅವುಗಳಲ್ಲಿ ಗಣನೆ ಬಲು ಹೆಚ್ಚು. ಲಿಟಲ್ ನಿಯಮವಾದರೋ ಅಲ್ಲಿಯೂ ಹಾಗೆಯೇ ನಿಲ್ಲುತ್ತದೆ.