ಒದ್ದೆ ನೆಲ, ಒದ್ದೆ ಕೈ ಮತ್ತು ಪ್ಲಗ್ ಪಾಯಿಂಟ್

ಮಳೆಗಾಲ ಬಂತೆಂದರೆ ನಾವು ಹೋಟೆಲಿನವರು ಮಾಡಿನ ಸೋರಿಕೆ ನೋಡುತ್ತೇವೆ, ಗಟಾರ ಶುಚಿ ಮಾಡಿಸುತ್ತೇವೆ. ಪಾತ್ರೆ ತೊಳೆಯುವ ಜಾಗದ ಪಕ್ಕದ ಪ್ಲಗ್ ಪಾಯಿಂಟಿನ ಕಡೆಗೆ ಮಾತ್ರ ಗಮನ ಹೋಗುವುದು ಕಡಿಮೆ. ನಿಜ ಹೇಳುವುದಾದರೆ ನಮ್ಮ ಅಡುಗೆಮನೆಗಳಿಗೆ ವರ್ಷವಿಡೀ ಮಳೆಗಾಲವೇ. ಹಿಟ್ಟು ಮೆತ್ತಿದ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ನಿಂತು ಗ್ರೈಂಡರಿನ ಸ್ವಿಚ್ ಹಾಕುವವರು ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು. ಆದ್ದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಎಂಸಿಬಿ ಇದ್ದರೆ ಸಾಲದೇ?

ಸಾಲದು. ಎಂಸಿಬಿ ಇರುವುದು ವಯರಿಂಗನ್ನು ಉಳಿಸಲು, ಮನುಷ್ಯನನ್ನು ಉಳಿಸಲು ಅಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಒದ್ದೆಯಾದ ಮೈಯ ಪ್ರತಿರೋಧ ಸುಮಾರು 1000 ಓಮ್‌ಗೆ ಇಳಿಯುತ್ತದೆ. 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು ಸುಮಾರು 0.23 ಆಂಪಿಯರ್. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಮನುಷ್ಯನಿಗೆ ಪ್ರಾಣಾಂತಿಕ. ಸುಮಾರು 0.01 ಆಂಪಿಯರಿಗೇ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದಂತೆ ಆಗಬಹುದು.

ಇಲ್ಲಿ ಬೇಕಾದದ್ದು ಆರ್‌ಸಿಸಿಬಿ. ಬಹಳಷ್ಟು ಎಲೆಕ್ಟ್ರಿಷಿಯನ್‌ಗಳು ಈಗಲೂ ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಮರಳಬೇಕು. ಮರಳಿದ್ದು ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆ ವ್ಯತ್ಯಾಸ 30 ಮಿಲಿ ಆಂಪಿಯರ್, ಅಂದರೆ 0.03 ಆಂಪಿಯರ್ ತಲುಪುವುದರೊಳಗೆ ಅದು ಸಪ್ಲೈ ಕಡಿಯುತ್ತದೆ. 100 ಅಥವಾ 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು ಉಪಯುಕ್ತ, ಜೀವರಕ್ಷಣೆಗೆ ಸಾಲವು. ಖರೀದಿಸುವಾಗ ಮೇಲೆ ಬರೆದ ಅಂಕೆ ಓದಿ ನೋಡಬೇಕು.

ಆದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಇದು ಕಾಪಾಡುವ ಭರವಸೆಯಿಲ್ಲ. ಅರ್ಥಿಂಗ್‌ಗೆ ಇದು ಬದಲಿಯೂ ಅಲ್ಲ. ಎರಡೂ ಇರಲೇಬೇಕು.

"ಪದೇ ಪದೇ ಬೀಳುತ್ತದೆ" ಎಂಬ ದೂರು

ರಾತ್ರಿ ಆರ್‌ಸಿಸಿಬಿ ಬಿದ್ದು ಫ್ರೀಜರ್ ನಿಂತರೆ ಬೆಳಿಗ್ಗೆ ಹಾಲು, ಬೆಣ್ಣೆ ಹಾಳು. ಈ ಹೆದರಿಕೆಯಿಂದ ಅನೇಕ ಕಡೆ ಅದನ್ನು ಬೈಪಾಸ್ ಮಾಡಿಸುತ್ತಾರೆ. ಇದು ಅಪಾಯಕ್ಕೆ ಆಹ್ವಾನ. ಇಡೀ ಹೋಟೆಲಿಗೆ ಒಂದೇ ಆರ್‌ಸಿಸಿಬಿ ಇಡುವ ಬದಲು ಫ್ರೀಜರಿಗೆ ಒಂದು, ಗ್ರೈಂಡರ್-ಮಿಕ್ಸಿಗೆ ಒಂದು, ಗೀಸರಿಗೆ ಒಂದು ಎಂದು ಬೇರೆ ಮಾಡಿಸಿದರೆ ಒಂದರ ದೋಷಕ್ಕೆ ಇನ್ನೊಂದು ನಿಲ್ಲುವುದಿಲ್ಲ. ಬಿದ್ದಾಗ ಎಲ್ಲ ಪ್ಲಗ್ ತೆಗೆದು, ಆರ್‌ಸಿಸಿಬಿ ಏರಿಸಿ, ಒಂದೊಂದಾಗಿ ಹಾಕಿ ನೋಡಿ. ಯಾವುದಕ್ಕೆ ಬೀಳುತ್ತದೋ ಅದನ್ನು ಮೊದಲು ರಿಪೇರಿಗೆ ಕಳುಹಿಸಿ. ಏನೂ ಹಾಕದೆಯೇ ಬಿದ್ದರೆ ದೋಷ ವಯರಿಂಗಿನಲ್ಲಿದೆ.

ಸದಸ್ಯರು ಈ ವಾರವೇ ನೋಡಬೇಕಾದ ಅಂಶಗಳು

1. ಆರ್‌ಸಿಸಿಬಿಯ "ಟಿ" ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.

2. ಪ್ಲಗ್‌ನ ದಪ್ಪ ಅರ್ಥ್ ಪಿನ್ ಮುರಿದಿದೆಯೇ, ಯಾರಾದರೂ ಕತ್ತರಿಸಿದ್ದಾರೆಯೇ ನೋಡಿ. ಎರಡು ಪಿನ್ನಿನ ಪ್ಲಗ್‌ನಲ್ಲಿ ಗ್ರೈಂಡರ್ ಓಡಿಸಬೇಡಿ.

3. ನ್ಯೂಟ್ರಲ್‌ನಿಂದ ತುಂಡು ವಯರ್ ಎಳೆದು ಅರ್ಥ್ ಪಾಯಿಂಟಿಗೆ ಕೊಟ್ಟಿದ್ದರೆ ಕೂಡಲೇ ತೆಗೆಸಿ. ನ್ಯೂಟ್ರಲ್ ಕಡಿದ ಕ್ಷಣ ಗ್ರೈಂಡರಿನ ಮೈಯೆಲ್ಲ ಕರೆಂಟ್ ಆಗುತ್ತದೆ. ನೀರಿನ ಅಥವಾ ಗ್ಯಾಸಿನ ಪೈಪಿನಿಂದ ಅರ್ಥ್ ತೆಗೆಯುವುದೂ ಸಲ್ಲದು.

4. ನಲ್ಲಿ, ಸಿಂಕ್ ಇವುಗಳಿಂದ ಪ್ಲಗ್ ಪಾಯಿಂಟ್ ದೂರವಿರಲಿ, ಎತ್ತರದಲ್ಲಿರಲಿ. ನೀರು ಸಿಡಿಯುವಲ್ಲಿ ಐಪಿ 44, ಪೈಪ್ ಹಿಡಿದು ತೊಳೆಯುವಲ್ಲಿ ಐಪಿ 55 ದರ್ಜೆಯ, ಮುಚ್ಚಳವುಳ್ಳ ಸಾಕೆಟ್ ಹಾಕಿಸಿ. ಪ್ಲಗ್ ಹಾಕಿದಾಗಲೂ ಆ ರಕ್ಷಣೆ ಇರುತ್ತದೆಯೇ ಎಂದು ಕೇಳಿ ತಿಳಿಯಿರಿ.

5. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಇಡಬೇಡಿ. ನೆಲ ತೊಳೆಯುವ ಮೊದಲು ಗ್ರೈಂಡರಿನ ಮೇನ್ ಬಂದ್ ಮಾಡುವುದು ನಿಯಮವಾಗಲಿ.

6. ಹುಡುಗರ ವಸತಿಯ ಬಚ್ಚಲನ್ನೂ ನೋಡಿ. ಬಕೆಟಿಗೆ ಹಾಕುವ ಹೀಟರ್ ರಾಡ್ ಇದ್ದರೆ, ಸ್ವಿಚ್ ಆರಿಸಿ ಪ್ಲಗ್ ತೆಗೆಯದೆ ನೀರು ಮುಟ್ಟಬಾರದೆಂದು ತಿಳಿಹೇಳಿ.

7. "ಸ್ವಲ್ಪ ಜುಮ್ಮೆನ್ನುತ್ತದೆ ಯಜಮಾನ್ರೇ" ಎಂದು ಕೆಲಸದವರು ಹೇಳಿದರೆ ಆ ಯಂತ್ರವನ್ನು ಆಗಲೇ ನಿಲ್ಲಿಸಿ. ಅದೇ ಮುನ್ನೆಚ್ಚರಿಕೆ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದಕ್ಕಾಗಿ ಮೇನ್ ಸ್ವಿಚ್ ಎಲ್ಲಿದೆಯೆಂದು ಮಾಲಕರಿಗೆ ಮಾತ್ರವಲ್ಲ, ಕ್ಲೀನರ್ ಹುಡುಗನಿಗೂ ಗೊತ್ತಿರಬೇಕು. ಅದರ ಮುಂದೆ ಅಕ್ಕಿ ಮೂಟೆ, ಎಣ್ಣೆ ಡಬ್ಬ ಪೇರಿಸಬಾರದು.

ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಅರ್ಥಿಂಗ್ ಅಳತೆ ಮಾಡಿಸಿ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಒಂದು ಗ್ರೈಂಡರಿಗೆ ಕೊಡುವ ಹಣದ ಮುಂದೆ ಒಂದು ಆರ್‌ಸಿಸಿಬಿಯ ಬೆಲೆ ದೊಡ್ಡದಲ್ಲ. ಊರಿನಲ್ಲಿ ಮಗನ ಫೋನಿಗಾಗಿ ಕಾಯುವ ತಾಯಿಗೆ ನಾವು ಉತ್ತರದಾಯಿಗಳು ಎಂಬುದನ್ನು ಸದಸ್ಯರು ಮನಗಾಣಬೇಕಾಗಿ ವಿನಂತಿ.