ಪಂಪ್‌ಮನೆಯ ಬೋರ್ಡ್ ಮತ್ತು ಮಲೆನಾಡಿನ ಮಳೆ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಸುತ್ತಿನ ಅಡಿಕೆ ತೋಟಗಳ ಮೋಟಾರುಗಳಿಗೆ ಮಳೆಗಾಲವೆಂದರೆ ರಜೆ. ಪಂಪ್‌ಮನೆಯ ಆಟೋ ಸ್ಟಾರ್ಟರ್ ಒಳಗಿರುವ ಸರ್ಕ್ಯೂಟ್ ಬೋರ್ಡ್‌ಗೆ ಮಾತ್ರ ಕಷ್ಟಕಾಲ ಶುರುವಾಗುವುದೇ ಆಗ. ಮೋಟಾರು ಓಡುವಾಗ ಡಬ್ಬಿಯೊಳಗೆ ಒಂದಿಷ್ಟು ಬಿಸಿ ಇರುತ್ತದೆ, ಪಸೆ ಆರುತ್ತದೆ. ಸುಮ್ಮನೆ ಕೂತಾಗ ಆ ಬಿಸಿಯೂ ಇಲ್ಲ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಬೋರ್ಡ್‌ನ ಮೂಲವಸ್ತುವನ್ನು ಆರಿಸುವವರು ಸಾಮಾನ್ಯವಾಗಿ ಬೆಲೆ ಮತ್ತು ಶಾಖವನ್ನು ಮೊದಲು ನೋಡುತ್ತಾರೆ. ಇಲ್ಲಿ ಮೊದಲು ನೋಡಬೇಕಾದ್ದು ಅದು ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು.

ಅಗ್ಗದ ಕಂದು ಬೋರ್ಡ್ ಎಂದರೆ ಫೀನಾಲಿಕ್ ಅಂಟಿನಲ್ಲಿ ಅದ್ದಿ, ಒತ್ತಿ, ಬಿಸಿಮಾಡಿ ಗಟ್ಟಿಮಾಡಿದ ಕಾಗದದ ಪದರಗಳು. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದ ಬೇಕಲೈಟ್‌ನ ವಂಶದ್ದೇ ಈ ಅಂಟು. ಎಫ್‌ಆರ್-4 ಎಂಬ ಇನ್ನೊಂದರಲ್ಲಿ ಕಾಗದದ ಜಾಗದಲ್ಲಿ ನೇಯ್ದ ಗಾಜಿನ ಬಟ್ಟೆ, ಅಂಟು ಎಪಾಕ್ಸಿ. ಕಾಗದದ ಜೀವಾಳ ಸೆಲ್ಯುಲೋಸ್ ನಾರು. ಒಣಗಿದ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿದರೆ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಬಲ್ಲವರಿಗೆ ಅದರ ಸ್ವಭಾವ ವಿವರಿಸಬೇಕಿಲ್ಲ. ಅಂಟು ಈ ನಾರನ್ನು ಬಹುಮಟ್ಟಿಗೆ ಮುಚ್ಚಿದರೂ ಕತ್ತರಿಸಿದ ಅಂಚು, ಕೊರೆದ ತೂತುಗಳಲ್ಲಿ ಅದರ ಬಾಯಿ ತೆರೆದೇ ಇರುತ್ತದೆ. ಗಾಜು ನೀರು ಕುಡಿಯುವುದಿಲ್ಲ. ಎಫ್‌ಆರ್-4 ಹೀರುವ ನೀರು ತೂಕದ ಶೇ. 0.1ರ ಆಸುಪಾಸು, ಕಾಗದದ್ದು ಅದರ ಹಲವು ಪಟ್ಟು.

ಹೀರಿದ ನೀರಿನಿಂದ ಏನಾಗುತ್ತದೆ? ಎರಡು ತಾಮ್ರದ ಗೆರೆಗಳ ನಡುವೆ ಪಸೆ ನಿಂತು, ಅವುಗಳ ನಡುವೆ ವೋಲ್ಟೇಜ್ ಇದ್ದರೆ, ಒಂದು ಗೆರೆಯ ತಾಮ್ರ ಸೂಕ್ಷ್ಮವಾಗಿ ಕರಗಿ ಇನ್ನೊಂದರ ಕಡೆಗೆ ಸಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರದ ಲವಣವೇ: ಕೊನೆಯ ಮೇಲೆ ಔಷಧಿ, ಬೋರ್ಡ್ ಮೇಲೆ ಕೇಡು. ಸೋಲ್ಡರ್ ಮಾಡುವಾಗ ಉಳಿದ ಫ್ಲಕ್ಸ್ ಈ ಕೆಲಸಕ್ಕೆ ಇನ್ನಷ್ಟು ಒತ್ತಾಸೆ. ಕರೆಂಟು ಸೋರುತ್ತದೆ, ರಿಲೇ ತಪ್ಪು ಹೊತ್ತಿನಲ್ಲಿ ಎಳೆಯುತ್ತದೆ, ಕೊನೆಗೊಮ್ಮೆ ಶಾರ್ಟ್.

ವಾರ್ನಿಷ್ ಬಳಿದರೆ ಕಾಗದವೇ ಸಾಕಲ್ಲ ಎನ್ನುವವರಿದ್ದಾರೆ. ವಾರ್ನಿಷ್ ನೀರ ಹನಿಯನ್ನು ತಡೆಯುತ್ತದೆ, ಆವಿಯನ್ನು ತಡಮಾಡುತ್ತದೆ ಅಷ್ಟೆ. ತಿಂಗಳುಗಟ್ಟಲೆ ಬಿಡದ ತೇವಕ್ಕೆ ಆ ತಡ ಯಾವ ಲೆಕ್ಕ? ಅದನ್ನು ಎಫ್‌ಆರ್-4 ಮೇಲೆ ಬಳಿಯುವುದು ಜಾಣತನ. ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ. ಎಫ್‌ಆರ್-4ರಲ್ಲೂ ಗಾಜಿನೆಳೆಯ ಗುಂಟ ತಾಮ್ರ ಬೆಳೆಯಬಲ್ಲದು. ಹೆಚ್ಚು ವೋಲ್ಟೇಜಿನಡಿ ಕೊಳೆ, ತೇವ ಸೇರಿ ಮೇಲ್ಮೈ ಸುಟ್ಟು ಇಂಗಾಲದ ದಾರಿಯಾಗುವುದನ್ನು ತಡೆಯುವುದರಲ್ಲಿ ಕೆಲವು ಫೀನಾಲಿಕ್ ಬೋರ್ಡುಗಳು ಸಾಮಾನ್ಯ ಎಫ್‌ಆರ್-4ಗಿಂತ ಮೇಲು. ಇದು ನಿಜ. ಆದರೆ ಮೇಲ್ಮೈಯ ದೋಷಕ್ಕೆ ವಿನ್ಯಾಸದಲ್ಲೇ ಮದ್ದುಂಟು: ಗೆರೆಗಳನ್ನು ದೂರವಿಡಬಹುದು, ನಡುವೆ ಸೀಳು ಕೊರೆಯಬಹುದು. ಒಳಗೇ ನೆನೆಯುವ ಹಲಗೆಗೆ ಅಂಥ ಮದ್ದಿಲ್ಲ.

ಬೆಲೆಯ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಕಾಗದದ ಬೋರ್ಡಿಗೆ ತೂತುಗಳನ್ನು ಒಂದೇ ಏಟಿಗೆ ಪಂಚ್ ಮಾಡಬಹುದು. ಗಾಜು ಡ್ರಿಲ್ಲನ್ನೇ ತಿನ್ನುತ್ತದೆ. ಟಿವಿ ರಿಮೋಟಿಗೆ ಕಾಗದವೇ ಸರಿ, ಎಲ್‌ಇಡಿ ದೀಪಕ್ಕೆ ಶಾಖ ಹರಿಸುವ ಅಲ್ಯೂಮಿನಿಯಂ ಬೋರ್ಡೇ ಬೇಕು. ಸ್ಟಾರ್ಟರ್‌ನ ವೆಚ್ಚದಲ್ಲಿ ಮಾತ್ರ ರಿಪೇರಿಯನ್ನೂ ಸೇರಿಸಿ ಎಣಿಸಬೇಕು. ರಿಲೇ ಬದಲಿಸಲು ಸೋಲ್ಡರ್ ಐರನ್ ಇಟ್ಟಾಗ ಕಾಗದದ ಬೋರ್ಡಿನಿಂದ ತಾಮ್ರ ಸಿಪ್ಪೆಯಂತೆ ಏಳುವುದುಂಟು. ಎರಡು ಮುಖದ ಎಫ್‌ಆರ್-4ರಲ್ಲಿ ತೂತಿನ ಒಳಗೋಡೆಗೂ ತಾಮ್ರ ಹಿಡಿದಿರುತ್ತದೆ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಂಗಡಿಯಲ್ಲಿ ಮುಚ್ಚಳ ಬಿಚ್ಚಿಸಿ ಬೋರ್ಡಿನ ಅಂಚು ನೋಡಿದರೆ ಗುರುತು ಸಿಗುತ್ತದೆ: ಕಾಗದದ್ದು ಗಾಢ ಕಂದು, ಗಾಜಿನದು ತಿಳಿ ಹಳದಿ ಹಸಿರು, ಬೆಳಕಿಗೆ ಹಿಡಿದರೆ ನೇಯ್ಗೆ ಕಾಣುತ್ತದೆ.