ಎಲುಬಿನ ಮೇಲೆ ಕೊರೆದ ಹಾಡು

ಎದೆಗೂಡಿನ ಕ್ಷ-ಕಿರಣ ಚಿತ್ರವೊಂದನ್ನು ಬೆಳಕಿಗೆ ಹಿಡಿದರೆ ಪಕ್ಕೆಲುಬುಗಳು ಮಬ್ಬು ಬಿಳುಪಿನ ಸಾಲುಗಳಾಗಿ ಕಾಣುತ್ತವೆ. ವೈದ್ಯನಿಗೆ ಅದು ರೋಗದ ಕುರುಹು. ರೋಗಿಗೆ ಆತಂಕದ ಹಾಳೆ. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ನಗರದ ತರುಣರು ಇದಕ್ಕೆ ಮೂರನೆಯದೊಂದು ಉಪಯೋಗವನ್ನು ಕಂಡುಕೊಂಡರು. ಆ ಹಾಳೆಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಗ್ರಾಮಫೋನಿನ ಮೇಲಿಟ್ಟು ತಿರುಗಿಸಿದರೆ ಅದರಿಂದ ಹಾಡು ಹೊರಡುತ್ತಿದ್ದಿತು! ಜನ ಅದನ್ನು ‘ಪಕ್ಕೆಲುಬಿನ ಸಂಗೀತ’ ಎಂದು ಕರೆದರು.

ಹಾಡು ಕೇಳಲು ಇಷ್ಟೊಂದು ಪಾಡೇಕೆ ಎಂದು ಇಂದಿನವರಿಗೆ ಅನ್ನಿಸಬಹುದು. ಆ ದೇಶದಲ್ಲಿ ಪುಸ್ತಕ, ಪತ್ರಿಕೆ, ಚಲನಚಿತ್ರಗಳಂತೆ ಧ್ವನಿಮುದ್ರಿಕೆಗಳನ್ನು ಹೊರತರುವ ಅಧಿಕಾರವೂ ಸರ್ಕಾರದ ಕೈಯಲ್ಲೇ ಇದ್ದಿತು. ಜನರು ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ಅಧಿಕಾರಿಗಳು ತೀರ್ಮಾನಿಸುತ್ತಿದ್ದರು. 1948ರ ಫೆಬ್ರವರಿಯಲ್ಲಿ ಆಳುವ ಪಕ್ಷವು ಹೊರಡಿಸಿದ ನಿರ್ಣಯವೊಂದರ ಪ್ರಭಾವದಿಂದ ಶೊಸ್ತಕೋವಿಚ್, ಪ್ರೊಕೋಫಿಯೆವ್ ಅವರಂಥ ಜಗದ್ವಿಖ್ಯಾತ ಸಂಗೀತ ರಚನಕಾರರೇ ಖಂಡನೆಗೆ ಗುರಿಯಾದರು. ಅಂಥವರ ಗತಿಯೇ ಹೀಗಾದಾಗ ಅಮೆರಿಕದ ಜಾಸ್ ಸಂಗೀತಕ್ಕೆ ಎಡೆಯೆಲ್ಲಿ? ದೇಶ ಬಿಟ್ಟು ಹೋದ ರಷ್ಯನ್ ಗಾಯಕರ ಹಾಡುಗಳೂ ನಿಷಿದ್ಧವಾಗಿದ್ದವು. ಪ್ಯೋತರ್ ಲೆಶ್ಚೆಂಕೊ ಎಂಬಾತ ರುಮೇನಿಯದಲ್ಲಿ ನೆಲೆಸಿ ರಷ್ಯನ್ ಭಾಷೆಯಲ್ಲಿ ಒಲವಿನ, ವಿರಹದ ಹಾಡುಗಳನ್ನು ಹಾಡಿ ಹೆಸರಾಗಿದ್ದನು. ಆ ಹಾಡುಗಳಲ್ಲಿ ರಾಜಕೀಯದ ಸೊಲ್ಲೇ ಇರಲಿಲ್ಲ. ಆದರೂ ಅವನನ್ನು 1951ರಲ್ಲಿ ರುಮೇನಿಯದಲ್ಲಿ ಬಂಧಿಸಲಾಯಿತು. 1954ರಲ್ಲಿ ಅವನು ಸೆರೆಯಲ್ಲೇ ತೀರಿಕೊಂಡನು.

ಯುದ್ಧದಿಂದ ಹಿಂದಿರುಗಿದ ಸೈನಿಕರು ಜರ್ಮನಿಯಿಂದ ಗ್ರಾಮಫೋನುಗಳನ್ನೂ ತಟ್ಟೆಗಳನ್ನೂ ತಂದಿದ್ದರು. ಹಾಗೆ ಬಂದ ವಸ್ತುಗಳಲ್ಲಿ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಜರ್ಮನ್ ಯಂತ್ರವೂ ಒಂದು. ಲೆನಿನ್‌ಗ್ರಾಡಿನ ಪ್ರಮುಖ ಬೀದಿಯೊಂದರಲ್ಲಿ ಅಂಥ ಯಂತ್ರವನ್ನಿಟ್ಟುಕೊಂಡ ಅಂಗಡಿಯಿದ್ದಿತು. ಗಿರಾಕಿಗಳು ಅಲ್ಲಿಗೆ ಬಂದು ದೂರದ ಬಂಧುಗಳಿಗೆ ಕಳುಹಿಸಲು ತಮ್ಮ ಮಾತನ್ನು ಮುದ್ರಿಸಿಕೊಳ್ಳಬಹುದಾಗಿದ್ದಿತು. ಅದು ಹೊರಗಿನ ನೋಟ. ಬಾಗಿಲು ಮುಚ್ಚಿದ ಮೇಲೆ ಅದೇ ಯಂತ್ರದಲ್ಲಿ ನಿಷಿದ್ಧ ಗೀತೆಗಳ ಪ್ರತಿಗಳು ಸಿದ್ಧವಾಗುತ್ತಿದ್ದವು. ರುಸ್ಲಾನ್ ಬೊಗೊಸ್ಲೊವ್‌ಸ್ಕಿ ಎಂಬ ತರುಣನು ಆ ಯಂತ್ರವನ್ನು ಗಮನವಿಟ್ಟು ನೋಡಿ, ಅದರ ರಚನೆಯನ್ನು ಗ್ರಹಿಸಿ, ಅಂಥದೇ ಯಂತ್ರವೊಂದನ್ನು ತಾನೇ ನಿರ್ಮಿಸಿದನು. ಬೋರಿಸ್ ತೈಗಿನ್ ಎಂಬ ಕವಿಹೃದಯದ ಗೆಳೆಯ ಅವನ ಜೊತೆಗೂಡಿದನು. ತಮ್ಮ ಕೂಟಕ್ಕೆ ಅವರು ‘ಚಿನ್ನದ ನಾಯಿ’ ಎಂದು ಹೆಸರಿಟ್ಟರು. ನಾಯಿ ಗ್ರಾಮಫೋನಿನ ಮುಂದೆ ಕುಳಿತು ಒಡೆಯನ ದನಿಯನ್ನು ಆಲಿಸುವ ಪ್ರಸಿದ್ಧ ಮುದ್ರೆಯನ್ನು ಬಲ್ಲವರಿಗೆ ಈ ಹೆಸರಿನ ವಿನೋದ ತಿಳಿಯದಿರದು.

ಯಂತ್ರ ಸಿದ್ಧವಾಯಿತು, ಕೊರೆಯಲು ಹಾಳೆ ಬೇಕಲ್ಲ? ಅರಗಿನ ತಟ್ಟೆಯನ್ನು ಮನೆಯಲ್ಲಿ ಮಾಡುವಂತಿರಲಿಲ್ಲ. ಆಗ ಕಣ್ಣಿಗೆ ಬಿದ್ದುದು ಆಸ್ಪತ್ರೆಗಳ ಹಳೆಯ ಕ್ಷ-ಕಿರಣ ಚಿತ್ರ. ಅದು ಬೇಗ ಬೆಂಕಿ ಹತ್ತುವ ವಸ್ತುವಾದುದರಿಂದ ಆಸ್ಪತ್ರೆಯವರಿಗೆ ಅದನ್ನು ಕೂಡಿಡುವುದೇ ತಲೆನೋವಾಗಿದ್ದಿತು. ಕೇಳಿದವರಿಗೆ ಅಲ್ಪ ಬೆಲೆಗೋ ಪುಕ್ಕಟೆಯಾಗಿಯೋ ಅದು ದೊರೆಯುತ್ತಿದ್ದಿತು. ಹಾಳೆ ತೆಳುವಾದರೂ ಗಟ್ಟಿ, ಬಾಗಿದರೂ ಮುರಿಯದು, ಮುಳ್ಳಿನ ಗೀರನ್ನು ಉಳಿಸಿಕೊಳ್ಳುವಷ್ಟು ಮೃದು. ಅದನ್ನು ಕತ್ತರಿಯಿಂದ ದುಂಡಗೆ ಕತ್ತರಿಸುತ್ತಿದ್ದರು. ನಡುವಿನ ತೂತನ್ನು ಉರಿಯುವ ಸಿಗರೇಟಿನ ತುದಿಯಿಂದ ಸುಟ್ಟು ಮಾಡುವುದೂ ಇದ್ದಿತು.

ಕೆಲಸದ ಕ್ರಮ ಹೀಗೆ: ಒಂದೆಡೆ ಮೂಲ ತಟ್ಟೆ ತಿರುಗುತ್ತದೆ. ಅದರಿಂದ ಹೊರಟ ಧ್ವನಿ ವಿದ್ಯುತ್ ಸಂಕೇತವಾಗಿ, ಬಲಗೊಂಡು, ಇನ್ನೊಂದೆಡೆಯ ಕೊರೆಯುವ ಮುಳ್ಳನ್ನು ನಡುಗಿಸುತ್ತದೆ. ಆ ನಡುಕವೇ ತಿರುಗುವ ಹಾಳೆಯ ಮೇಲೆ ಸುರುಳಿಗೆರೆಯಾಗಿ ಮೂಡುತ್ತದೆ. ಕಾರ್ಖಾನೆಯಲ್ಲಾದರೋ ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಮೂರು ನಿಮಿಷದ ಹಾಡಿನ ಒಂದು ಪ್ರತಿಗೆ ಮೂರು ನಿಮಿಷ ಬೇಕೇ ಬೇಕು. ನೂರು ಪ್ರತಿ ಬೇಕಾದರೆ ಅದೇ ಹಾಡನ್ನು ನೂರು ಬಾರಿ ನುಡಿಸಬೇಕು. ಹೀಗಾಗಿ ಒಂದು ತಟ್ಟೆಯಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ ಕಪಾಲ, ಮತ್ತೊಂದರಲ್ಲಿ ಮುರಿದ ಮೊಣಕೈ, ಇನ್ನೊಂದರಲ್ಲಿ ಯಾರದೋ ಬೆನ್ನೆಲುಬು!

ಹಾಡು ಒಂದೇ ಮಗ್ಗುಲಲ್ಲಿ ಇರುತ್ತಿದ್ದಿತು. ಕರಕರ ಸದ್ದಿನ ನಡುವೆ ಗಾಯಕನ ದನಿಯನ್ನು ಹುಡುಕಿಕೊಳ್ಳಬೇಕಾಗಿದ್ದಿತು. ಕೆಲವು ಸಾರಿ ನುಡಿಸುವುದರೊಳಗೆ ಗೆರೆ ಸವೆದುಹೋಗುತ್ತಿದ್ದಿತು. ಬೀದಿಯ ಮೂಲೆಯಲ್ಲಿ ನಿಂತವನೊಬ್ಬ ಕೋಟಿನ ತೋಳಿನೊಳಗೆ ಸುತ್ತಿಟ್ಟುಕೊಂಡ ತಟ್ಟೆಗಳನ್ನು ಗುಟ್ಟಾಗಿ ಮಾರುತ್ತಿದ್ದನು. ಕೊಂಡವನು ಅದನ್ನು ಅಲ್ಲಿಯೇ ಕೇಳಿ ನೋಡುವಂತಿರಲಿಲ್ಲ. ಮನೆಗೆ ಹೋಗಿ ಹಾಕಿದರೆ ಬೇರೆ ಹಾಡು ಬರಬಹುದು. ಏನೂ ಬಾರದೆಯೂ ಇರಬಹುದು. ಹಾಡಿನ ಮೊದಲ ಸ್ವರಗಳು ಕೇಳಿಬಂದ ಮೇಲೆ ಕೊಂಡವನನ್ನು ಹೀಯಾಳಿಸುವ ದನಿ ಹೊರಡುತ್ತಿದ್ದ ತಟ್ಟೆಗಳ ಕಥೆಯನ್ನೂ ಹೇಳುತ್ತಾರೆ. ನಿಷಿದ್ಧವಾದುದೆಲ್ಲ ಉತ್ತಮವಾಗಿರಲಿಲ್ಲ, ಗುಟ್ಟಾಗಿ ಮಾರುವವರೆಲ್ಲ ಕಲಾಪ್ರೇಮಿಗಳೂ ಆಗಿರಲಿಲ್ಲ. ಆದರೆ ‘ಚಿನ್ನದ ನಾಯಿ’ ಕೂಟದವರ ತಟ್ಟೆಗಳು ಗುಣದಲ್ಲಿ ಮೇಲಾದವು ಎಂಬ ಹೆಸರು ಕೇಳುಗರಲ್ಲಿ ಬೇಗನೆ ಹಬ್ಬಿತು. ಜಾಹೀರಾತೂ ಅಂಗಡಿಯೂ ಇಲ್ಲದ ಆ ಲೋಕದಲ್ಲಿ ಗೆಳೆಯನ ಮಾತೊಂದೇ ದಾರಿ ತೋರುತ್ತಿದ್ದಿತು.

ಹೆಸರು ಹಬ್ಬಿದುದೇ ಅಪಾಯವೂ ಆಯಿತು. 1950ರಲ್ಲಿ ಕೂಟದವರು ಸೆರೆಸಿಕ್ಕರು. ಬೊಗೊಸ್ಲೊವ್‌ಸ್ಕಿಗೆ 3 ವರ್ಷ, ತೈಗಿನ್‌ಗೆ 5 ವರ್ಷ ಶಿಕ್ಷೆಯಾಯಿತು. 1953ರಲ್ಲಿ ಸ್ಟಾಲಿನ್ ಮರಣಹೊಂದಿದ ಮೇಲೆ ದೊರೆತ ಕ್ಷಮಾದಾನದಿಂದ ಅವರು ಹೊರಬಂದರು. ಬಂದವರು ಸುಮ್ಮನೆ ಕುಳಿತರೇ? ಮತ್ತೆ ಹಾಳೆ, ಮತ್ತೆ ಯಂತ್ರ! ಬೊಗೊಸ್ಲೊವ್‌ಸ್ಕಿ ಮತ್ತೊಮ್ಮೆ ಸೆರೆಮನೆ ಕಂಡನು.

ಎಲುಬಿನ ತಟ್ಟೆಗಳನ್ನು ಕಡೆಗೆ ಮರೆಗೆ ಸರಿಸಿದ್ದು ಪೊಲೀಸರಲ್ಲ, ಟೇಪ್ ರೆಕಾರ್ಡರು. 1960ರ ದಶಕದಲ್ಲಿ ಅದನ್ನು ಸರ್ಕಾರದ ಕಾರ್ಖಾನೆಗಳೇ ತಯಾರಿಸಿ ಮಾರಿದುದರಿಂದ ಅದು ಮನೆಮನೆಗೆ ಬಂದಿತು. ಎರಡು ಯಂತ್ರಗಳನ್ನು ತಂತಿಯಿಂದ ಕೂಡಿಸಿದರೆ ಯಾರು ಬೇಕಾದರೂ ಪ್ರತಿ ಮಾಡಬಹುದಾಯಿತು. ಬುಲಾತ್ ಒಕುದ್‌ಜಾವ, ಅಲೆಕ್ಸಾಂದರ್ ಗಾಲಿಚ್, ವ್ಲಾದಿಮಿರ್ ವಿಸೋತ್‌ಸ್ಕಿ ಮೊದಲಾದ ಕವಿಗಾಯಕರು ಗೆಳೆಯರ ಮನೆಯಲ್ಲಿ ಗಿಟಾರ್ ಹಿಡಿದು ಹಾಡಿದುದು ಒಂದು ಸುರುಳಿಯಿಂದ ಮತ್ತೊಂದಕ್ಕೆ, ಒಂದು ಊರಿನಿಂದ ಮತ್ತೊಂದಕ್ಕೆ ಸಾಗಿತು. ಪ್ರತಿಯಿಂದ ಪ್ರತಿಗೆ ದನಿ ಮಸುಕಾಗುತ್ತಿದ್ದಿತು. ಕೇಳುಗರು ಮಾತ್ರ ಹೆಚ್ಚುತ್ತಿದ್ದರು. ಗಾಲಿಚ್‌ನನ್ನು 1971ರಲ್ಲಿ ಲೇಖಕರ ಸಂಘದಿಂದ ಹೊರಹಾಕಲಾಯಿತು. 1974ರಲ್ಲಿ ದೇಶ ಬಿಟ್ಟ ಅವನು 1977ರಲ್ಲಿ ಪ್ಯಾರಿಸ್ ನಗರದಲ್ಲಿ ಮಡಿದನು. ವಿಸೋತ್‌ಸ್ಕಿ ಮಾಸ್ಕೋದ ತಗಾಂಕ ರಂಗಮಂದಿರದ ನಟ. ನೂರಾರು ಹಾಡುಗಳನ್ನು ಕಟ್ಟಿದ ಅವನ ಧ್ವನಿಮುದ್ರಿಕೆಗಳಲ್ಲಿ ಅವನ ಜೀವಮಾನದಲ್ಲಿ ತಾಯ್ನಾಡಿನಲ್ಲಿ ಹೊರಬಂದವು ಕೆಲವೇ. 1980ರ ಜುಲೈ 25ರಂದು, ಮಾಸ್ಕೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದಾಗ, ಅವನು 42ನೆಯ ವಯಸ್ಸಿನಲ್ಲಿ ತೀರಿಕೊಂಡನು. ಪತ್ರಿಕೆಗಳಲ್ಲಿ ಬಂದುದು ಪುಟ್ಟ ಸುದ್ದಿ. ಆದರೂ ರಂಗಮಂದಿರದ ಮುಂದೆ ಸಾವಿರ ಸಾವಿರ ಜನ ನೆರೆದರು. ಅವರೆಲ್ಲರ ಮನೆಗಳಿಗೆ ಆ ಒರಟು ದನಿ ಎಂದೋ ಬಂದು ನೆಲೆಸಿದ್ದಿತು.

ಮುಂದಿನ ತಲೆಮಾರಿನವರು ರಾಕ್ ಸಂಗೀತದ ಕಡೆಗೆ ಹೊರಳಿದರು. ಅವರಲ್ಲಿ ಹಲವರು ಹೊಟ್ಟೆಪಾಡಿಗೆ ರಾತ್ರಿ ಕಾವಲುಗಾರರಾದರು, ಬೀದಿ ಗುಡಿಸಿದರು. ‘ಕಿನೋ’ ತಂಡದ ವಿಕ್ತರ್ ತ್ಸೊಯ್ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸ ಮಾಡಿದನು. ಸಂಗೀತ ಕಛೇರಿಗಳು ನಡೆಯುತ್ತಿದ್ದುದು ಮನೆಗಳ ಒಳಕೋಣೆಗಳಲ್ಲಿ. 1981ರಲ್ಲಿ ಲೆನಿನ್‌ಗ್ರಾಡಿನಲ್ಲಿ ರಾಕ್ ಸಂಗೀತಗಾರರ ಸಂಘವೊಂದಕ್ಕೆ ಅನುಮತಿ ದೊರೆಯಿತು. ಆದರೆ ಹಾಡುಗಳ ಸಾಹಿತ್ಯವನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕಾಗಿದ್ದಿತು.

ಅದೇ ನಗರದಲ್ಲಿ ಅಂದ್ರೇಯ್ ತ್ರೊಪಿಲ್ಲೊ ಎಂಬಾತ ಮಕ್ಕಳ ಭವನವೊಂದರಲ್ಲಿ ಧ್ವನಿಮುದ್ರಣ ಕಲಿಸುವ ಶಿಕ್ಷಕನಾಗಿದ್ದನು. ಪಾಠದ ನೆಪದಲ್ಲಿ ಅವನು ಅಲ್ಲಿನ ಯಂತ್ರಗಳಿಂದ ‘ಅಕ್ವಾರಿಯುಂ’ ಮೊದಲಾದ ತಂಡಗಳ ಹಾಡುಗಳನ್ನು ಮುದ್ರಿಸಿದನು. ಗೆಳೆಯರು ಟೇಪಿನ ಪೆಟ್ಟಿಗೆಗಳಿಗೆ ಕೈಯಿಂದಲೇ ಛಾಯಾಚಿತ್ರಗಳನ್ನು ಅಂಟಿಸಿ ಹಂಚಿದರು. ಕಾಲ ಬದಲಾಯಿತು. 1987ರಲ್ಲಿ ದೇಶದ ಏಕೈಕ ಸರ್ಕಾರಿ ಧ್ವನಿಮುದ್ರಿಕೆ ಸಂಸ್ಥೆ ‘ಮೆಲೋದಿಯ’ ‘ಅಕ್ವಾರಿಯುಂ’ ತಂಡದ ತಟ್ಟೆಯನ್ನು ಹೊರತಂದಿತು. ಅದಕ್ಕಾಗಿ ಹೊಸದಾಗಿ ಹಾಡಿಸಲಿಲ್ಲ. ತ್ರೊಪಿಲ್ಲೊ ಮುದ್ರಿಸಿದ್ದ, ಜನ ಕೈಯಿಂದ ಕೈಗೆ ದಾಟಿಸಿ ಅದುವರೆಗೆ ಕೇಳುತ್ತಿದ್ದ ಹಾಡುಗಳನ್ನೇ ಆರಿಸಿ ಅದರಲ್ಲಿ ಸೇರಿಸಲಾಗಿದ್ದಿತು.